ಇಪ್ಪತ್ತಮೂರನೇ ಷರತ್ತಿನ ಹುರುಳಿ

೧

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಒಂದು ಮಣ್ಣಿನ ರಾಶಿಯಿದೆ. ಆ ರಾಶಿಯ ಬಗ್ಗೆ ಕಾಗದದ ಮೇಲೆ ಬರೆದ ಒಂದು ಸಾಲಿದೆ. ರಾಶಿಯಿಂದ ಶುರುಮಾಡಿದರೆ ನೀವು ಎರಡನೇ ಪ್ಯಾರಾಕ್ಕೆ ಆಕಳಿಸುತ್ತೀರಿ. ಸಾಲಿನಿಂದ ಶುರುಮಾಡಿದರೆ ನಾಯಕಿ ಮೊದಲ ಪುಟದಲ್ಲೇ ಸುಳ್ಳುಗಾರ್ತಿಯಾಗುತ್ತಾಳೆ. ಅವಳಿಗೆ ಅಷ್ಟು ಬೇಗ ಕೆಟ್ಟ ಹೆಸರು ತರಲು ನನಗೆ ಮನಸ್ಸಿಲ್ಲ. ಹಾಗಾಗಿ ಅವಳ ಕೆಲಸದಿಂದ ಶುರುಮಾಡುತ್ತೇನೆ. ಅದೂ ಸ್ವಲ್ಪ ಆಕಳಿಕೆಯ ವಿಷಯವೇ, ಸಹಿಸಿಕೊಳ್ಳಿ.

(ಮೊದಲ ಕರಡಿನಲ್ಲಿ ಅವಳ ಹೆಸರು ನಿಸರ್ಗ ಎಂದಿತ್ತು. ಪರಿಸರದ ಷರತ್ತುಗಳನ್ನು ಪರಿಶೀಲಿಸುವವಳಿಗೆ ನಿಸರ್ಗ ಎಂದು ಹೆಸರಿಟ್ಟರೆ, ಅದು ಅಪ್ಪ ಅಮ್ಮ ಇಟ್ಟ ಹೆಸರೇ ಆಗಿದ್ದರೂ, ನೀವು ನಂಬುವುದಿಲ್ಲ. ಕೋಮಲಾ ಎಂದು ಬದಲಿಸಿದೆ. ಅವಳಿಗೂ ಅದೇ ವಾಸಿ ಅನಿಸಿತು.)

೨

ಕೋಮಲಾಳ ಊರು ಹಾಸನದ ಹತ್ತಿರ, ಮೊಸಳೆ ಎಂಬ ಹಳ್ಳಿಯ ಪಕ್ಕ. ಹಾಸನದಲ್ಲಿ ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದಳು. ಯಾರಾದರೂ ದೊಡ್ಡ ಬಡಾವಣೆಯನ್ನೋ ರಸ್ತೆಯನ್ನೋ ಮಾಡಹೊರಟಾಗ ಸರ್ಕಾರ ಅನುಮತಿ ಕೊಡುವ ಮುಂಚೆ ಅವರಿಂದ ಒಂದಷ್ಟು ಮಾತು ತೆಗೆದುಕೊಳ್ಳುತ್ತದೆ: ಇಷ್ಟು ಮರ ನೆಡುತ್ತೇವೆ, ಮಳೆನೀರಿನ ಕಾಲುವೆ ಮುಚ್ಚುವುದಿಲ್ಲ, ಧೂಳೇಳದಂತೆ ನೀರು ಹೊಡೆಯುತ್ತೇವೆ ಎಂದೆಲ್ಲ. ಅನುಮತಿ ಕೈಗೆ ಬಂದ ಮೇಲೆ ಮಾತು ಮರೆತುಹೋಗುತ್ತದೆ. ಆದ್ದರಿಂದ ಆರು ತಿಂಗಳಿಗೊಮ್ಮೆ ಒಬ್ಬರು ಹೋಗಿ, ನೋಡಿ, ಅಳೆದು, ಒಂದೊಂದು ಷರತ್ತಿನ ಮುಂದೆಯೂ ‘ಪಾಲಿಸಲಾಗಿದೆ’ ಅಥವಾ ‘ಭಾಗಶಃ’ ಅಥವಾ ‘ಪಾಲಿಸಿಲ್ಲ’ ಎಂದು ಬರೆದು ಸಹಿ ಹಾಕಬೇಕು.

ಕೋಮಲಾ ಈ ಕೆಲಸಕ್ಕೆ ಸೇರಿ ನಾಲ್ಕು ವರ್ಷ ನೋಡಿದಳು, ಅಳೆದಳು, ಬರೆದಳು. ಸಹಿ ಮಾತ್ರ ಮೈಸೂರಿನ ಮುಖ್ಯ ಆಫೀಸಿನಲ್ಲಿ ಕುಳಿತವರು ಹಾಕುತ್ತಿದ್ದರು. ಈ ವರ್ಷದ ಮೇ ತಿಂಗಳಲ್ಲಿ ಸಹಿ ಹಾಕುವ ಅಧಿಕಾರ ಅವಳಿಗೇ ಬಂತು. ಜೂನ್ ಒಂದಕ್ಕೆ ಹೋದ ವರದಿಯ ಕೊನೆಯಲ್ಲಿ ಮೊದಲ ಸಲ ಅವಳ ಹೆಸರಿತ್ತು. ಆ ಪುಟದ ಫೋಟೋ ತೆಗೆದು ಅಮ್ಮನಿಗೆ ಕಳಿಸಿದ್ದಳು.

ಜಾಗ ಯಾವುದೆಂದರೆ, ದಂಡಿಗನಹಳ್ಳಿ ಹೋಬಳಿಯ ಒಂದು ಊರಿಗೆ ಅಂಟಿಕೊಂಡ ನೂರ ಮೂವತ್ತು ಎಕರೆಯ ಹೊಸ ಬಡಾವಣೆ. ಷರತ್ತುಗಳು ನಲವತ್ತೊಂದು. ನಮಗೆ ಬೇಕಾದದ್ದು ಒಂದೇ.

ಷರತ್ತು ೨೩: ‘ಕಿತ್ತ ಮೇಲ್ಮಣ್ಣನ್ನು ಎರಡು ಮೀಟರಿಗಿಂತ ಎತ್ತರವಾಗದಂತೆ ಪ್ರತ್ಯೇಕವಾಗಿ ರಾಶಿ ಹಾಕಿ, ಅದರ ಮೇಲೆ ಹೊದಿಕೆ ಬೆಳೆ ಬಿತ್ತಿ ಸಂರಕ್ಷಿಸಿ, ನಂತರ ಉದ್ಯಾನದ ಜಾಗದಲ್ಲಿ ಹರಡತಕ್ಕದ್ದು.’

ನೆಲದ ಮೇಲಿನ ಒಂದು ಗೇಣು ಮಣ್ಣಿನಲ್ಲೇ ಹೆಚ್ಚಿನ ಜೀವ ಇರುವುದು. ರಸ್ತೆ ಮಾಡುವಾಗ ಅದನ್ನು ಕೆರೆದು ಒಂದು ಕಡೆ ಗುಡ್ಡೆ ಹಾಕುತ್ತಾರೆ. ಎತ್ತರ ಜಾಸ್ತಿಯಾದರೆ ಒಳಗೆ ಗಾಳಿಯಾಡದೆ ಆ ಜೀವ ಸಾಯುತ್ತದೆ. ಮೇಲೆ ಏನೂ ಬೆಳೆಯದಿದ್ದರೆ ಮಳೆಗೆ ಕೊಚ್ಚಿಹೋಗುತ್ತದೆ. ಷರತ್ತು ಕೇಳುವುದು ಇಷ್ಟು: ಇಟ್ಟಿರುವಷ್ಟು ದಿನ ಮಣ್ಣನ್ನು ಬದುಕಿಸಿಡಿ.

೩

ಈಗ ಆ ಸಾಲು.

ಮೇ ಇಪ್ಪತ್ತೇಳರಂದು ಕೋಮಲಾ ರಾಶಿಯನ್ನು ಅಳೆದಳು. ಉದ್ದ ನಲವತ್ತೆಂಟು ಮೀಟರ್, ಅಗಲ ಹನ್ನೊಂದು, ಎತ್ತರ ಒಂದು ಮುಕ್ಕಾಲು. ಎಲ್ಲ ಸರಿ. ಮೇಲೆ ಮಾತ್ರ ಒಂದು ಗರಿಕೆಯೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ, ಬಡಾವಣೆ ಕಂಪನಿಯ ಸೈಟ್ ಎಂಜಿನಿಯರ್ ದೇವರಾಜ್ ಹೇಳಿದ್ದು:

“ನಾಳೆ ಬಿತ್ತಿಸ್ತೀನಿ ಮೇಡಂ. ಬೀಜ ಚನ್ನರಾಯಪಟ್ಟಣದಿಂದ ಹೊರಟೈತೆ. ಬರ್ಕಳಿ.”

ಅವಳು ಬರೆದಳು. ನಲವತ್ತು ಷರತ್ತುಗಳನ್ನು ಕಣ್ಣಾರೆ ಕಂಡು, ಕೈಯಾರೆ ಅಳೆದು ಬರೆದವಳು ಉಳಿದ ಈ ಒಂದನ್ನು ‘ನಾಳೆ’ಯ ಮೇಲೆ ನಂಬಿಕೆಯಿಟ್ಟು ಬರೆದಳು: ‘ರಾಶಿಯ ಮೇಲೆ ಹುರುಳಿಯ ಹೊದಿಕೆ ಬೆಳೆ ಬಿತ್ತಲಾಗಿದೆ. ಸ್ಥಿತಿ: ಪಾಲಿಸಲಾಗಿದೆ.’ ಬೀಜ ಹೊರಟದ್ದು ನಿಜವೇ ಇರಬಹುದು. ಅದು ತಲುಪಲಿಲ್ಲ ಎಂದು ಅವಳಿಗೆ ತಿಳಿದದ್ದು ವರದಿ ಹೋದ ಮೇಲೆ.

ವರದಿಯ ಒಂದು ಪ್ರತಿ ನಿಯಮದಂತೆ ಗ್ರಾಮ ಪಂಚಾಯಿತಿಗೆ ಹೋಯಿತು. ಕನ್ನಡದಲ್ಲಿದ್ದ ಸಾರಾಂಶವನ್ನು ನೀರುಗಂಟಿ ಮಂಚಯ್ಯ ನೋಟಿಸ್ ಬೋರ್ಡಿಗೆ ಅಂಟಿಸಿದ. ಸಾಮಾನ್ಯವಾಗಿ ಇಂಥ ಕಾಗದದ ಕಥೆ ಅಲ್ಲಿಗೆ ಮುಗಿಯುತ್ತದೆ.

೪ (ಬಿಟ್ಟುಬಿಟ್ಟ ಕರಡು)

ಇಲ್ಲಿ ದೇವರಾಜನನ್ನು ಖಳನಾಯಕನನ್ನಾಗಿ ಮಾಡಿ ಮೂರು ಪುಟ ಬರೆದಿದ್ದೆ. ಕಪ್ಪು ಕನ್ನಡಕ ಹಾಕಿದ್ದೆ, ಮಣ್ಣನ್ನು ಕದ್ದು ಮಾರಿಸಿದ್ದೆ. ಓದಿದ ದೇವರಾಜ್ ನನ್ನನ್ನು ಹುಡುಕಿಕೊಂಡು ಬಂದ.

“ಸಾ, ನಾನೇನ್ ಮಾಡ್ದೆ ನಿಮ್ಗೆ? ಅವತ್ತು ರಾತ್ರಿ ಪೈಪ್ ಒಡೀತು, ಬೆಳಿಗ್ಗೆ ಲೇಬರ್ ಜಗಳ, ಮಧ್ಯಾಹ್ನ ಸರ್ವೆಯವ್ರು ಬಂದ್ರು. ಬೀಜದ ವಿಷ್ಯ ಮರ್ತೇ ಓಯ್ತು. ಮರ್ತೋರನ್ನೆಲ್ಲ ವಿಲನ್ ಮಾಡಿದ್ರೆ ನಿಮ್ ಕಥೇಲಿ ಈರೋ ಯಾರ್ ಉಳೀತಾರೆ?”

ಅವನ ಮಾತಿನಲ್ಲಿ ತಪ್ಪು ಹುಡುಕಲು ಎರಡು ದಿನ ಯತ್ನಿಸಿ ಮೂರು ಪುಟವನ್ನೂ ಹರಿದೆ. (ಕಪ್ಪು ಕನ್ನಡಕ ಮಾತ್ರ ಇರಲಿ ಎಂದ. ಬಿಸಿಲಿಗೆ ಆಗುತ್ತದಂತೆ.)

೫

ನವೆಂಬರ್ ಹದಿನೆಂಟು. ಡಿಸೆಂಬರ್ ಒಂದಕ್ಕೆ ಮುಂದಿನ ವರದಿ ಹೋಗಬೇಕು. ಕೋಮಲಾ ಹಾಸನದಿಂದ ಸ್ಕೂಟರಿನಲ್ಲಿ ಬಂದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಲೆಕ್ಕಾಚಾರ. ಬೋಳು ರಾಶಿ ಕಾಣುತ್ತದೆ. ‘ಬಿತ್ತಿದ್ದು ಒಣಗಿದೆ’ ಎಂದು ಬರೆದರೆ ಮೊದಲನೆಯ ಸುಳ್ಳಿಗೆ ಎರಡನೆಯದು ಊರುಗೋಲಾಗುತ್ತದೆ. ನಿಜ ಬರೆದರೆ ಹೊಸ ಸಹಿ ಆರು ತಿಂಗಳಿಗೇ ಹೋಗುತ್ತದೆ. ಅವಳ ಆಫೀಸಿನ ನಿಯಮ ಸ್ಪಷ್ಟ: ನೋಡದೆ ಬರೆದವರ ಸಹಿಯ ಅಧಿಕಾರ ವಾಪಸ್.

ತಿರುವು ದಾಟಿದಾಗ ರಾಶಿ ಹಸಿರಾಗಿತ್ತು.

ಅವಳು ಸ್ಕೂಟರ್ ನಿಲ್ಲಿಸಿ, ಇಳಿಯದೆ ಸೀಟಿನ ಮೇಲೆ ಕೂತೇ ನೋಡಿದಳು. ಆಮೇಲೆ ರಾಶಿ ಹತ್ತಿದಳು. ಬುಡದಿಂದ ನೆತ್ತಿಯವರೆಗೆ ಹುರುಳಿ ಹಬ್ಬಿ ಮಣ್ಣೇ ಕಾಣುತ್ತಿರಲಿಲ್ಲ. ತಿಳಿಹಳದಿ ಹೂವು ಬಿಟ್ಟಿತ್ತು. ಒಂದು ಗಿಡವನ್ನು ನಿಧಾನವಾಗಿ ಕಿತ್ತು ಬೇರಿನ ಮಣ್ಣು ಕೊಡವಿದಳು. ಬೇರಿನ ತುಂಬ ಸಾಸಿವೆ ಗಾತ್ರದ, ಕೆಲವು ಅದಕ್ಕೂ ದಪ್ಪದ ಗಂಟುಗಳು. ಒಂದನ್ನು ಹೆಬ್ಬೆರಳ ಉಗುರಿನಿಂದ ಸೀಳಿದಳು. ಒಳಗೆ ನಸುಗೆಂಪು. ಹಾಗೆಂದರೆ ಗಂಟಿನೊಳಗಿನ ಸೂಕ್ಷ್ಮಜೀವಿಗಳು ಕೆಲಸದಲ್ಲಿವೆ, ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತಿವೆ. ಮಣ್ಣು ಬದುಕಿದೆ.

(ಇಲ್ಲಿ ಅವಳು ಅತ್ತಳು ಎಂದು ಬರೆದಿದ್ದೆ. ‘ಅಳಲಿಲ್ಲ, ಎರಡನೇ ಗಂಟು ಸೀಳಿದೆ, ಒಂದರ ಮೇಲೆ ತೀರ್ಮಾನ ಮಾಡಬಾರದು’ ಎಂದಳು ಕೋಮಲಾ. ತಿದ್ದಿದೆ.)

೬

“ಯಾರವ್ವ ಅದು, ಉಳ್ಳಿ ಕೀಳ್ತಿರೋದು? ಊ ಬಿಟ್ಟಿರೋದು ಕಾಣಕಿಲ್ವಾ?”

ರಾಶಿಯ ಕೆಳಗೆ ಕೃಷ್ಣಮ್ಮ ನಿಂತಿದ್ದರು. ಡೇರಿಗೆ ಹಾಲು ಹಾಕಿ ಖಾಲಿ ಕ್ಯಾನ್ ಹಿಡಿದು ಮನೆಗೆ ಹೊರಟವರು. ವಯಸ್ಸು ಅರವತ್ತರ ಆಚೀಚೆ, ಮನೆಯಲ್ಲಿ ಎರಡು ಹಸು.

“ಒಂದೇ ಗಿಡ ಅಮ್ಮ. ಬೇರು ನೋಡೋಕೆ ಕಿತ್ತೆ.”

“ನೋಡಾಯ್ತಲ್ಲ. ಇತ್ಲಾಗ್ ಕೊಡು, ಅಸಕ್ಕೆ ಆಯ್ತದೆ.”

ಕೋಮಲಾ ಇಳಿದು ಬಂದು ಕೊಟ್ಟಳು.

“ಇದನ್ನ ಬಿತ್ತಿದ್ದು ಯಾರಮ್ಮ?”

“ಯಾಕೆ, ಏನಾರಾ ತೊಂದ್ರೆ ಆಯ್ತಾ?”

“ಇಲ್ಲ ಇಲ್ಲ.”

“ನಾನೇ ಕಣವ್ವ. ಗೌರಿಅಬ್ಬ ಕಳ್ದು ಎಲ್ಡ್ ವಾರಕ್ಕೆ ಒಂದ್ ಅದ ಮಳೆ ಬಿತ್ತು ನೋಡು, ಅವತ್ತು ಎಲ್ಡ್ ಸೇರು ತಂದು ಚೆಲ್ಬುಟ್ಟೆ.”

“ಯಾರು ಹೇಳಿದ್ರು ನಿಮಗೆ?”

“ಯಾರ್ ಯೋಳ್ಬೇಕು? ಪಂಚಾಯ್ತಿ ಬೋರ್ಡಲ್ಲಿ ಬರ್ದಿತ್ತಲ್ಲ.”

ಆಗಿದ್ದೇನೆಂದರೆ, ಕೃಷ್ಣಮ್ಮ ಯಾವುದೋ ಖಾತೆ ನಕಲಿಗೆ ಪಂಚಾಯಿತಿಗೆ ಹೋಗಿದ್ದರು. ಕಾರ್ಯದರ್ಶಿ ಬಂದಿರಲಿಲ್ಲ. ಕೃಷ್ಣಮ್ಮ ಏಳನೇ ಕ್ಲಾಸಿನವರೆಗೆ ಓದಿದವರು. ಕಾಯುತ್ತಾ ಬೋರ್ಡಿನ ನಲವತ್ತೊಂದು ಸಾಲುಗಳನ್ನೂ ಓದಿದರು. ಬಹುಶಃ ಈ ಜಿಲ್ಲೆಯಲ್ಲೇ ಅಂಥ ಕಾಗದವನ್ನು ಪೂರ್ತಿ ಓದಿದ ಮೊದಲ ಮನುಷ್ಯರು ಅವರು.

“ಉಳ್ಳಿ ಬಿತ್ತೈತೆ ಅಂತ ಬರ್ದವ್ರೆ. ನಾ ದಿನಾ ಎಲ್ಡ್ ಸತಿ ಈ ದಾರೀಲೇ ಓಡಾಡೋಳು. ಬರೀ ಮಣ್ಣು. ಇದ್ಯಾರ್ಲಾ ಸೈನ್ ಆಕಿರೋದು ಅಂತ ಮಂಚಯ್ಯನ್ ಕೇಳ್ದೆ. ಅದೇ, ಸ್ಕೂಟ್ರಲ್ಲಿ ಬಂದು ಟೇಪ್ ಇಡ್ಕಂಡು ಅಳೀತದಲ್ಲ ಆ ಎಣ್ಮಗ ಅಂದ. ಅಷ್ಟೊಂದು ಅಳ್ದು ಬರ್ದೈತೆ, ಇದೊಂದ್ರಲ್ಲಿ ಪಾಪ ಸುಳ್ಳಾಗ್ಬಾರ್ದಲ್ಲ ಅಂತ ಚೆಲ್ಬುಟ್ಟೆ.”

ಕೋಮಲಾ ಅಳತೆಯ ಟೇಪನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

“ಆ ಹೆಣ್ಮಗ ನಾನೇ ಅಮ್ಮ.”

“ಗೊತ್ತಾಯ್ತು ಬುಡು. ಟೇಪು ಕೈಲೇ ಐತಲ್ಲ.”

(ನಾನು ಕೃಷ್ಣಮ್ಮನವರ ಬಾಯಲ್ಲಿ ಭೂಮಿತಾಯಿಯ ಬಗ್ಗೆ ಒಂದು ಮಾತು ಆಡಿಸಲು ಹೊರಟಿದ್ದೆ. ಅವರು ಕ್ಯಾನ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. “ಸ್ವಾಮಿ, ನನ್ ಬಾಯಿಗ್ ಮಾತು ತುರುಕ್ಬ್ಯಾಡಿ. ಅಸಕ್ಕೆ ಉಳ್ಳಿ ಒಟ್ಟು ಬೇಕಾಗಿತ್ತು, ಅದೂನೂ ಬರ್ಕಳಿ.” ಬರೆದುಕೊಂಡಿದ್ದೇನೆ. ಹಸುವಿಗೆ ಹುರುಳಿ ಹೊಟ್ಟು ಬೇಕಾಗಿತ್ತು.)

೭ ಕೃತಜ್ಞತೆಗಳು

ಇದನ್ನು ಪುಸ್ತಕದ ಕೊನೆಯಲ್ಲಿ ಹಾಕುವುದು ವಾಡಿಕೆ. ಅಷ್ಟು ಹೊತ್ತಿಗೆ ನೀವು ಪುಸ್ತಕ ಮುಚ್ಚಿರುತ್ತೀರಿ. ಅದಕ್ಕೇ ಇಲ್ಲಿ.

ತಡವಾಗಿ ಬಂದ ಕಾರ್ಯದರ್ಶಿಗೆ. ಅವರು ಹೇಳಿದ ಹೊತ್ತಿಗೆ ಬಂದಿದ್ದರೆ ಕೃಷ್ಣಮ್ಮ ಹನ್ನೊಂದನೇ ಸಾಲಿಗೆ ಎದ್ದು ಒಳಗೆ ಹೋಗಿರುತ್ತಿದ್ದರು.

ಗೋಂದು ಮುಗಿದಿದ್ದರಿಂದ ಬುತ್ತಿಯ ಅನ್ನ ಮೆತ್ತಿ ಕಾಗದ ಅಂಟಿಸಿದ ಮಂಚಯ್ಯನಿಗೆ. ಆ ಕಾಗದ ಎರಡು ಮಳೆಗಾಳಿ ತಡೆದು ನಿಂತಿತು.

ಹಾಸನದ ಕಾಲೇಜಿನಲ್ಲಿ ಕೋಮಲಾಗೆ ಪಾಠ ಹೇಳಿದ ಪ್ರೇಮಕುಮಾರಿ ಮೇಡಂ ಅವರಿಗೆ. ಬೇರುಗಂಟಿನ ಚಿತ್ರ ಬರೆದು ತಂದ ಹುಡುಗಿಯರಿಗೆಲ್ಲ ‘ಚಿತ್ರ ಆಮೇಲೆ, ಮೊದಲು ಸೀಳಿ ನೋಡಿ’ ಎಂದವರು ಅವರು.

ಸೆಪ್ಟೆಂಬರಿನ ಆ ಒಂದು ಹದ ಮಳೆಗೆ.

ಮತ್ತು, ಒಬ್ಬರು ಬರೆದ ಸುಳ್ಳನ್ನು ಕಂಡಾಗ ಅದನ್ನು ಹಿಡಿದು ಆಡಿಕೊಳ್ಳದೆ, ಬಾಕಿ ಉಳಿದ ಕೆಲಸ ಎಂದುಕೊಂಡು ಸೆರಗಿಗೆ ಎರಡು ಸೇರು ಬೀಜ ಕಟ್ಟಿಕೊಂಡು ಹೊರಟ ಕೃಷ್ಣಮ್ಮನವರಿಗೆ. ಇದಕ್ಕಿಂತ ಹೆಚ್ಚು ಹೇಳಿದರೆ ಅವರು ಬೈಯುತ್ತಾರೆ.

೮

ಕಥೆ ಇಲ್ಲಿಗೆ ಮುಗಿಯಬಹುದಿತ್ತು. ನಾನು ಚುಕ್ಕಿ ಇಡಲು ಹೋದಾಗ ದೇವರಾಜ್ ಬೈಕಿನಲ್ಲಿ ಬಂದ.

“ನೋಡಿದ್ರಾ ಮೇಡಂ, ಎಷ್ಟ್ ಚೆನ್ನಾಗ್ ಬಂದೈತೆ. ಒಂದ್ ಫೋಟೋ ತಕ್ಕಂಡು ವರದೀಲಿ ಆಕ್ಬುಡಿ. ಡಿಸೆಂಬರ್ ಎಂಟಕ್ಕೆ ಜೆಸಿಬಿ ಬತ್ತದೆ, ಮಣ್ಣನ್ನ ಪಾರ್ಕಿಗೆ ಹರಡ್ಬುಡ್ತೀವಿ.”

“ಹುರುಳಿ ಬಲಿಯೋಕೆ ಜನವರಿ ಆಗುತ್ತೆ ದೇವರಾಜ್.”

“ಎಂಟಕ್ಕೆ ಬ್ಯಾಡ, ಮುಂದಕ್ಕೆ ಆಕಿ ಅಂತ ನೀವು ವರದೀಲಿ ಬರೀರಿ, ನಿಲ್ಲಿಸ್ತೀನಿ. ನಿಮ್ಮ ಮಾತು ಮೀರೋ ಆಗಿಲ್ಲ ನಾನು. ಆದ್ರೆ ಕಾರಣ ಏನಂತ ಬರೀತೀರಾ?”

“ಬೆಳೆ ಕಟಾವಾಗಿಲ್ಲ ಅಂತ.”

“ಮೇ ತಿಂಗಳಲ್ಲಿ ಬಿತ್ತಿದ ಉಳ್ಳಿ ನವೆಂಬರಲ್ಲಿ ಊ ಬಿಡ್ತಾ ಮೇಡಂ? ನಮ್ಮಪ್ಪನ್ ಮುಂದೆ ಯೋಳಿದ್ರೆ ನಗ್ತಾರೆ.”

ಅವನು ಗೇಲಿ ಮಾಡಲಿಲ್ಲ. ಅವಳಿಗಾಗಿ ಯೋಚಿಸಿಯೇ ಹೇಳಿದ.

ಓದುಗರೇ, ಗಂಟು ಇರುವುದು ಇಲ್ಲಿ. ಜೆಸಿಬಿ ನಿಲ್ಲಬೇಕಾದರೆ ಕೋಮಲಾ ಬಿತ್ತನೆಯ ನಿಜವಾದ ತಾರೀಖು ಬರೆಯಬೇಕು. ಆ ತಾರೀಖು ಬರೆದರೆ ಜೂನ್ ವರದಿಯ ಸಾಲು ಸುಳ್ಳೆಂದು ಅವಳೇ ಹೇಳಿದಂತಾಗುತ್ತದೆ, ಸಹಿ ಹೋಗುತ್ತದೆ. ಬರೆಯದಿದ್ದರೆ ಜೂನ್ ಸಾಲು ಈಗ ಕಣ್ಣಿಗೆ ಕಾಣುವ ಹಸಿರು ಸತ್ಯ. ಸಹಿ ಭದ್ರ. ಕೃಷ್ಣಮ್ಮನವರ ಬೆಳೆ ಮಣ್ಣಿನಡಿಗೆ.

ಇನ್ನೊಂದನ್ನು ಮುಚ್ಚಿಡಬಾರದು. ಹೂ ಬಿಟ್ಟಿರುವಾಗಲೇ ಹುರುಳಿಯನ್ನು ಮಣ್ಣಿಗೆ ಸೇರಿಸುವುದು ಒಳ್ಳೆಯ ಹಸಿರು ಗೊಬ್ಬರ. ವಿಜ್ಞಾನ ಹಾಗೆ ಹೇಳುತ್ತದೆ, ಕೋಮಲಾ ಅದನ್ನು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಾಳೆ. ಇಷ್ಟು ಗಟ್ಟಿಯಾದ ನೆಪ ಎಲ್ಲರಿಗೂ ಸಿಗುವುದಿಲ್ಲ.

೯ ಅಂತ್ಯಗಳು

ಅಂತ್ಯ ಒಂದು. ಕೋಮಲಾ ಫೋಟೋ ಹಾಕಿ ಸುಮ್ಮನಾಗುತ್ತಾಳೆ. ಎಂಟರಂದು ಜೆಸಿಬಿ ಬರುತ್ತದೆ. ಪಾರ್ಕಿನ ಹುಲ್ಲು ಮುಂದೆ ಸೊಗಸಾಗಿ ಬೆಳೆಯುತ್ತದೆ. ಕೃಷ್ಣಮ್ಮ ಯಾರನ್ನೂ ಏನೂ ಕೇಳುವುದಿಲ್ಲ. ‘ಕೇಳದೇ ಇರೋದೇ ಕಷ್ಟ’ ಎಂದಳು ಕೋಮಲಾ. ‘ಆಮೇಲೆ ನಾನು ಡೇರಿ ಮುಂದಿನ ದಾರಿ ಬಿಟ್ಟು ಸುತ್ತಿಕೊಂಡು ಹೋಗಬೇಕು.’ ಹೊಡೆದುಹಾಕಿದೆ.

ಅಂತ್ಯ ಎರಡು. ಮೇಲಧಿಕಾರಿ ಖುದ್ದಾಗಿ ಬರುತ್ತಾರೆ, ಅವರೂ ಹುರುಳಿ ತಿಂದು ಬೆಳೆದವರು, ಎಲ್ಲರನ್ನೂ ಕ್ಷಮಿಸಿ ಕೃಷ್ಣಮ್ಮನವರಿಗೆ ಶಾಲು ಹೊದಿಸುತ್ತಾರೆ. ದೇವರಾಜ್ ಕಪ್ಪು ಕನ್ನಡಕ ತೆಗೆದು ನನ್ನನ್ನೇ ನೋಡಿದ. “ಸಾ, ನೀವು ಯಾವ್ ಆಫೀಸ್ ನೋಡಿದೀರಾ?” ಹೊಡೆದುಹಾಕಿದೆ.

ಅಂತ್ಯ ಮೂರು. ಕೋಮಲಾ ಸತ್ಯ ಬರೆದು ಕೆಲಸ ಕಳೆದುಕೊಂಡು, ತಲೆಯೆತ್ತಿ ಸೂರ್ಯಾಸ್ತದ ಕಡೆ ನಡೆಯುತ್ತಾಳೆ. ‘ನನಗೆ ಈ ಕೆಲಸ ಇಷ್ಟ’ ಎಂದಳು ಅವಳು. ‘ಅದನ್ನ ಕಳೆದು ನಿಮ್ಮ ಕಥೆ ಚೆಂದ ಮಾಡಬೇಡಿ.’ ನಾಚಿಕೆಯಾಯಿತು. ಹೊಡೆದುಹಾಕಿದೆ.

ಅಂತ್ಯ ನಾಲ್ಕಕ್ಕೆ ಜಾಗ ಬಿಟ್ಟಿದ್ದೇನೆ. ನಿಮ್ಮದಿದ್ದರೆ ಬರೆದುಕೊಳ್ಳಿ. ಅವಳು ಮಾಡಿದ್ದನ್ನು ಮಾತ್ರ ನಾನು ಹೇಳುತ್ತೇನೆ.

೧೦

ಅವಳು ಹತ್ತು ದಿನ ತೆಗೆದುಕೊಂಡಳು. ಉಳಿದ ನಲವತ್ತನ್ನು ಮುಗಿಸಿ ಕೊನೆಗೆ ಇಪ್ಪತ್ತಮೂರಕ್ಕೆ ಬಂದಳು. ಹೀಗೆ ಟೈಪ್ ಮಾಡಿದಳು:

‘ಕಳೆದ ವರದಿಯಲ್ಲಿ ಬೆಳೆ ಬಿತ್ತಲಾಗಿದೆ ಎಂದಿರುವುದು ತಪ್ಪು. ನಾನು ನೋಡದೆ ಬರೆದೆ. ಸೆಪ್ಟೆಂಬರ್ ಎರಡನೇ ವಾರದಲ್ಲಿ ಗ್ರಾಮದ ನಿವಾಸಿ ಕೃಷ್ಣಮ್ಮನವರು ಸ್ವಂತ ಬೀಜದಿಂದ ಹುರುಳಿ ಬಿತ್ತಿದ್ದಾರೆ. ಬೇರುಗಂಟುಗಳು ಸಕ್ರಿಯವಾಗಿವೆ. ಕಟಾವು ಜನವರಿ ಮೂರನೇ ವಾರ. ಅಲ್ಲಿಯವರೆಗೆ ರಾಶಿಯನ್ನು ಕದಲಿಸಬಾರದು.’

ಸ್ಥಿತಿಯ ಕಾಲಮ್ಮಿನಲ್ಲಿ ಮೂರು ಆಯ್ಕೆಗಳಿರುತ್ತವೆ, ಹೇಳಿದ್ದೆನಲ್ಲ. ಅವಳು ಮೂರನ್ನೂ ಅಳಿಸಿ ಬರೆದಳು: ‘ಕಂಪನಿ ಪಾಲಿಸಿಲ್ಲ. ಊರಿನಿಂದ ಪಾಲಿಸಲಾಗಿದೆ.’

ಕಳಿಸುವ ಮುಂಚೆ ಒಬ್ಬರ ಒಪ್ಪಿಗೆ ಬೇಕಿತ್ತು. ಇಪ್ಪತ್ತೊಂಬತ್ತರ ಮಧ್ಯಾಹ್ನ ಕೃಷ್ಣಮ್ಮನವರ ಮನೆಯ ಜಗಲಿಯ ಮೇಲೆ ಕೂತು ಫೋನಿನಲ್ಲಿದ್ದದ್ದನ್ನು ಓದಿ ಹೇಳಿದಳು.

“ನನ್ ಎಸ್ರು ಯಾಕವ್ವ? ನಾನೇನ್ ಅರ್ಜಿ ಆಕಿದ್ನಾ?”

“ಬಿತ್ತಿದವರ ಹೆಸರು ಬರೀಬೇಕಲ್ಲ ಅಮ್ಮ. ಬೇಡ ಅಂದ್ರೆ ತೆಗೀತೀನಿ.”

ಕೃಷ್ಣಮ್ಮ ಯೋಚಿಸಿದರು. “ಇರ್ಲಿ ಬುಡು. ತಪ್ಪು ಅಂತ ನಿನ್ ವಿಷ್ಯ ಬರ್ಕಂಡಿದೀಯಲ್ಲ, ಅದ್ಕೆ ಬೈತಾರಾ?”

“ಬೈಬಹುದು. ಸಹಿ ಕಿತ್ತುಕೊಳ್ಳಬಹುದು.”

“ಅಂಗಾರೆ ತಗ್ದಾಕು. ಎಲ್ಡ್ ಸೇರು ಉಳ್ಳಿ ತಾನೆ, ಓದ್ರೆ ಓಯ್ತು.”

“ಇಲ್ಲಮ್ಮ. ನೀವು ನನ್ನ ಮಾತು ಉಳಿಸಿದ್ರಿ. ಈಗ ಅದು ಇನ್ನೊಂದು ಸಲ ಸುಳ್ಳಾಗೋದು ಬೇಡ.”

(ಸಹಿ ಉಳಿಯಿತೇ, ಜೆಸಿಬಿ ನಿಂತಿತೇ ಎಂದು ನೀವು ಕೇಳುತ್ತೀರಿ. ಮೈಸೂರಿನ ಆಫೀಸಿನಲ್ಲಿ ಯಾರಿಗೆ ಯಾವಾಗ ಕೋಪ ಬರುತ್ತದೆ 
ಎಂದು ನನಗೆ ತಿಳಿಯದು. ತಿಳಿದಿದ್ದರೂ ಅದು ಇನ್ನೊಂದು ಅಂತ್ಯವಾಗುತ್ತಿತ್ತು, ಅವಳು ಹೊಡೆದುಹಾಕಿಸುತ್ತಿದ್ದಳು. ನನಗೆ ತಿಳಿದಿರುವುದು ಆ ಜಗಲಿಯವರೆಗೆ ಮಾತ್ರ.)

ಕೋಮಲಾಳ ಬೆರಳು ಕಳಿಸುವ ಗುಂಡಿಯ ಮೇಲಿತ್ತು.

“ತಡಿ ತಡಿ,” ಎಂದರು ಕೃಷ್ಣಮ್ಮ. “ಇದರ ಮುಂದಿಂದು ಏನೈತೆ? ಇಪ್ಪತ್ನಾಕು?”

“ಕಾಲುವೆ ದಡದಲ್ಲಿ ಹೊಂಗೆ ಸಸಿ. ಅರವತ್ತೆರಡು ಬದುಕಿವೆ. ಅದು ಸರಿಯಾಗಿದೆ ಅಮ್ಮ, ನಾನೇ ಎಣಿಸಿದೀನಿ.”

“ಯಾವತ್ತು ಎಣಿಸ್ದೆ?”

“ಹದಿನೆಂಟನೇ ತಾರೀಕು.”

“ಮೇಕೆ ನುಗ್ಗಿದ್ದು ಮೊನ್ನೆ ಸೋಮ್ವಾರ ಕಣವ್ವ. ಏಳು, ಇನ್ನೊಂದ್ ಸತಿ ಎಣಿಸ್ಕಂಡ್ ಬರಣ. ಆಮೇಲ್ ಕಳ್ಸುವಂತೆ.”

ಕೋಮಲಾ ಫೋನನ್ನು ಬ್ಯಾಗಿಗೆ ಹಾಕಿ ಎದ್ದಳು. ಕೃಷ್ಣಮ್ಮ ಆಗಲೇ ಬೀದಿಗಿಳಿದಿದ್ದರು. ಕಾಲುವೆ ದೂರವಿರಲಿಲ್ಲ. ದಡದ ತುದಿಯಲ್ಲಿ, ಮೊಣಕಾಲೆತ್ತರದ ಮೊದಲ ಸಸಿಯ ಮುಂದೆ ನಿಂತು ಕೋಮಲಾ ಬೆರಳು ಮಡಿಚಿದಳು.

“ಒಂದು.”

“ಅದು ನೆಟ್ಟಿದ್ದಲ್ಲ, ತಾನಾಗೇ ಉಟ್ಟಿರೋದು,” ಎಂದರು ಕೃಷ್ಣಮ್ಮ. “ಅದ್ನ ಬುಟ್ಟು ಎಣ್ಸು.”